ಆ ಸ್ಪೀಕರ್ ಮೊದಲು ಆಫ್ ಮಾಡಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಲ್ಲೇ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಪಾಡ್‌ಕ್ಯಾಸ್ಟಿನ ಹೋದ ಸಂಚಿಕೆ ಕೆಳಗೆ ಒಬ್ಬರು ಕಾಮೆಂಟ್ ಬರೆದಿದ್ದಾರೆ: "ನಮ್ಮ ಮಗು ಎಲ್‌ಕೆಜಿಲಿ ದಿನಾ ಅರ್ಧ ಗಂಟೆ ಮ್ಯೂಸಿಕ್ ಅಂಡ್ ಮೂವ್‌ಮೆಂಟ್ ಇದೆ. ಬ್ಲೂಟೂತ್ ಸ್ಪೀಕರಲ್ಲಿ ಹಾಡು ಹಾಕ್ತಾರೆ, ಮಕ್ಕಳು ಕುಣೀತಾರೆ. ಇನ್ನೇನು ಬೇಕು?"

ಇನ್ನೇನು ಬೇಕಾ? ಸ್ವಾಮಿ, ಅದು ಮದುವೆ ದಿಬ್ಬಣ. ಊಟದೆಲೆ ಒಂದು ಬಾಕಿ.

ನಾನು ಹೇಳೋದು ಇಷ್ಟೇ. ಸ್ಪೀಕರ್ ಮಗುವಿಗಾಗಿ ಕಾಯಲ್ಲ. ನಾಲ್ಕೈದು ವರ್ಷದ ಮಗುವಿಗೆ "ನಿನಗೆ ಇಷ್ಟ ಬಂದ ಹಾಗೆ ಮೇಜು ತಟ್ಟು" ಅಂದ್ರೆ ನಿಮಿಷಕ್ಕೆ ಸುಮಾರು 150 ಸಲ ತಟ್ಟುತ್ತೆ. ದೊಡ್ಡವರು ತಟ್ಟೋದು 100ರ ಆಸುಪಾಸು. ಅಂದ್ರೆ ಮಗುವಿನ ಒಳಗಿನ ಓಟವೇ ಬೇರೆ. ಅದಕ್ಕೇ ಟೀಚರ್ ಮೊದಲು ಮಕ್ಕಳು ನಡೆಯೋದನ್ನ ನೋಡ್ಬೇಕು, ಆ ಹೆಜ್ಜೆಗೆ ಸರಿಯಾಗಿ ಡಬ್ಬಾನೋ ದಮ್ಮಡಿನೋ ಬಡೀಬೇಕು. ಇಬ್ಬರೂ ಒಂದೇ ಲಯಕ್ಕೆ ಬಂದ ಮೇಲೆ ನಿಧಾನಕ್ಕೆ ಇಳಿಸ್ಬೇಕು. ಇಳಿಸೋದೇ ಕಷ್ಟ! ವೇಗ ಕಮ್ಮಿಯಾದಷ್ಟೂ ಒಂಟಿ ಕಾಲಲ್ಲಿ ನಿಲ್ಲೋ ಹೊತ್ತು ಜಾಸ್ತಿ, ಮಗು ಓಲಾಡುತ್ತೆ. ಆ ಓಲಾಟವೇ ಸಮತೋಲನದ ಅಭ್ಯಾಸ. ನಿಮ್ಮ ಸ್ಪೀಕರ್ ಇದನ್ನೆಲ್ಲ ನೋಡುತ್ತಾ? ಅದಕ್ಕೆ ಕಣ್ಣೆಲ್ಲಿದೆ?

ಇನ್ನು ನಿಲ್ಲೋದು. ಎಂಟು ಎಣಿಕೆ ನಡೆ, ನಿಲ್ಲು. ಮತ್ತೆ ಎಂಟು, ನಿಲ್ಲು. ನಾಲ್ಕೈದು ಸುತ್ತು ಆದ್ಮೇಲೆ ಎಂಟರ ಬದಲು ಐದಕ್ಕೇ ಬಡಿತ ನಿಲ್ಲಿಸಿ. ಅರ್ಧ ಕ್ಲಾಸು ಮುಂದಕ್ಕೆ ಹೋಗಿರುತ್ತೆ, ಯಾಕಂದ್ರೆ ಅವರು ಕೇಳ್ತಾ ಇರಲಿಲ್ಲ, ಎಣಿಸ್ತಾ ಇದ್ರು. ಹೊರಟ ಕಾಲನ್ನ ತಡೆದು ಹಿಡಿಯೋದಿದೆಯಲ್ಲ, ಮುಂದೆ ಸಾಲಲ್ಲಿ ಕಾಯೋಕೆ, ಕೈ ಎತ್ತಿ ಮಾತಾಡೋಕೆ ಬೇಕಾಗಿರೋ ಹಿಡಿತ ಇದೇನೆ. ಹಾಂ, ದಯವಿಟ್ಟು "ನೀನು ಔಟ್" ಅನ್ಬೇಡಿ. ಯಾರಿಗೆ ನಿಲ್ಲೋಕೆ ಬರಲ್ವೋ ಅವನಿಗೇ ಅಭ್ಯಾಸ ಬೇಕಾಗಿರೋದು, ಅವನನ್ನೇ ಮೂಲೆಗೆ ಕೂರಿಸಿದ್ರೆ ಹೇಗೆ?

(ಸಬ್‌ಸ್ಕ್ರೈಬ್ ಮಾಡದೆ ಕೇಳ್ತಾ ಇರೋರೂ ಇದ್ದೀರ. ನಿಮ್ಮನ್ನೂ ಔಟ್ ಅಂತಿಲ್ಲ. ಆದ್ರೆ ಗಂಟೆ ಒತ್ತಿ.)

ಈಗ ಕನ್ನಡದ ವಿಷಯ. ಹುಷಾರಾಗಿ ಕೇಳಿ, ಸ್ಪೀಕರ್ ಪೂರ್ತಿ ಸೋಲೋದು ಇಲ್ಲೇ. ಮಾತಿಗೆ ಚಪ್ಪಾಳೆ ತಟ್ಟಿಸ್ತಾರಲ್ಲ, ಕ-ಮ-ಲ ಮೂರು, ಅದು ಒಳ್ಳೇದೇ. ಆದ್ರೆ "ಕರು"ಗೂ ಎರಡು ಚಪ್ಪಾಳೆ, "ಕಾರು"ಗೂ ಎರಡೇ. ಹಾಲಿಗೂ ಎರಡು, ಹಲ್ಲಿಗೂ ಎರಡು! ಚಪ್ಪಾಳೆ ಅಕ್ಷರ ಎಣಿಸುತ್ತೆ, ಉದ್ದ ಅಳೆಯಲ್ಲ. ಆಮೇಲೆ ಪುಸ್ತಕದಲ್ಲಿ ಮಗು ದೀರ್ಘ ನುಂಗಿತು, ಒತ್ತು ಬಿಟ್ಟಿತು ಅಂತ ಕೆಂಪು ಶಾಯಿ. ಪರಿಹಾರ ಮೈಯಲ್ಲೇ ಇದೆ. ಹ್ರಸ್ವಕ್ಕೆ ಒಂದು ತಟ್ಟು. ದೀರ್ಘಕ್ಕೆ ಅಂಗೈಯನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿಸು, ಹಾ...ಲು. ಒತ್ತಿಗೆ ತಡೆದು ನಿಂತು ಜಿಗಿ, ಹಲ್, ಲು! ಹೈಸ್ಕೂಲಲ್ಲಿ "ಒತ್ತಕ್ಷರದ ಹಿಂದಿನ ಅಕ್ಷರ ಗುರು" ಅಂತ ಉರು ಹೊಡೆಸ್ತಾರಲ್ಲ, ಅದು ಯುಕೆಜಿ ಮಗುವಿನ ಕಾಲಿಗೆ ಆಗಲೇ ಗೊತ್ತಾಗಿರುತ್ತೆ. ಸಿನಿಮಾ ಹಾಡು ಏನು ಮಾಡುತ್ತೆ? ರಾಗಕ್ಕೋಸ್ಕರ ಲಘುವನ್ನ ಎಳೆಯುತ್ತೆ, ಗುರುವನ್ನ ಮೊಟಕು ಮಾಡುತ್ತೆ. ಅದರಲ್ಲಿ ಮಗು ಏನು ಕಲೀಬೇಕು?

ಜತಿಗೂ, ಅಂದ್ರೆ ಬಾಯಲ್ಲಿ ಹೇಳೋ ತಾಳದ ಸೊಲ್ಲುಗಳಿಗೂ, ಇದೇ ಕಥೆ. "ತಕಧಿಮಿ" ಹೇಳ್ಕೊಂಡು ಒಂದೊಂದು ಅಕ್ಷರಕ್ಕೆ ಒಂದೊಂದು ಹೆಜ್ಜೆ ಇಟ್ರೆ "ತ" ಯಾವಾಗಲೂ ಬಲಗಾಲಿಗೇ ಬೀಳುತ್ತೆ, ಸಲೀಸು. "ತಕಿಟ" ಶುರು ಮಾಡಿ ನೋಡಿ, ಒಂದು ಸಲ ಬಲಗಾಲು, ಮುಂದಿನ ಸಲ ಎಡಗಾಲು. ಇಡೀ ಕ್ಲಾಸು ಗೋಜಲು. ಮಕ್ಕಳಿಗೆ ತಾಳಜ್ಞಾನ ಇಲ್ಲ ಅಂತಲ್ಲ, ಮೂರು ಅನ್ನೋದು ಬೆಸ ಸಂಖ್ಯೆ, ಅಷ್ಟೆ. ಮೊದಲು ನಿಂತಲ್ಲೇ ಮಾಡಿಸಿ: "ತ"ಗೆ ನೆಲ ಮೆಟ್ಟು, "ಕಿಟ"ಗೆ ಎರಡು ಚಪ್ಪಾಳೆ. ಅದು ಕೂತ ಮೇಲೆ ನಡಿಗೆ.

"ನಮ್ಮ ಟೀಚರ್‌ಗೆ ಹಾಡೋಕೆ ಬರಲ್ಲ ಸಾರ್." ಕಛೇರಿ ಕೊಡಿ ಅಂದ್ನಾ ನಾನು? ಸ ಇಂದ ಪ ವರೆಗೆ ಐದು ಸ್ವರ ಸಾಕು. ಒಂದೇ ಎಚ್ಚರ, ಶ್ರುತಿ ಮಕ್ಕಳದ್ದಿರಲಿ, ಎರಡು ಮನೆ ಹತ್ತಿರ, ಅಂದ್ರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನ ಸ ಮಾಡ್ಕೊಳ್ಳಿ. ನಾವು ಕೆಳಗೆ ಹಾಡಿದ್ರೆ ಮಕ್ಕಳು ಹಾಡಲ್ಲ, ಗೊಣಗ್ತಾರೆ. "40 ಮಕ್ಕಳು, ಜಾಗ ಇಲ್ಲ." ಇಪ್ಪತ್ತು ಜನ ಗೋಡೆಗೆ ಒರಗಿ ಕೂತು ತಾಳ ಹಾಕ್ಲಿ, ಇಪ್ಪತ್ತು ಜನ ನಡೀಲಿ, ಎರಡು ನಿಮಿಷಕ್ಕೆ ಅದಲು ಬದಲು. ನೆಲದ ಮೇಲೆ ಸೀಮೆಸುಣ್ಣದ ವೃತ್ತ ಎಳೆದು ಎಲ್ಲರನ್ನೂ ಒಂದೇ ದಿಕ್ಕಿಗೆ ಬಿಡಿ, ಡಿಕ್ಕಿ ಹೊಡೆಯಲ್ಲ. "ಗಲಾಟೆ ಆಗುತ್ತೆ." ಆಗುತ್ತಪ್ಪ, ಶಾಲೆ ಅದು!

ಇನ್ನೊಬ್ಬರು ಮೊಜಾರ್ಟ್ ಹಾಕಿದ್ರೆ ಬುದ್ಧಿ ಬೆಳೆಯುತ್ತೆ ಅಂತಾರೆ. ಆ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ. ಅದು ನಡೆದಿದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಉಳಿದಿದ್ದು ಹದಿನೈದು ನಿಮಿಷದ ಒಳಗೆ. ಬೈ ಟು ಕಾಫಿ ಅದಕ್ಕಿಂತ ಜಾಸ್ತಿ ಹೊತ್ತು ಬರುತ್ತೆ.

ನಮ್ಮಲ್ಲೇ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಯ್ತು, ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ ಮೂಲಕ ಕಲಿಸೋ ಪದ್ಧತಿ. ಹೆಸರಲ್ಲೇ "ನಲಿ" ಮುಂದಿದೆ, "ಕಲಿ" ಹಿಂದಿದೆ. "ಸ್ಪೀಕರ್" ಎಲ್ಲಾದ್ರೂ ಇದೆಯಾ? ಇಲ್ಲ! ಕೈ ಇದೆ, ಕಾಲಿದೆ, ಬಾಯಿದೆ, ಬಾಡಿಗೆ ಕೊಡಬೇಕಾಗಿಲ್ಲ, ಚಾರ್ಜ್ ಹಾಕಬೇಕಾಗಿಲ್ಲ. ಆಫ್ ಮಾಡಿ. ಯಾಕೆ ಅಂತ ಕೇಳ್ಬೇಡಿ, ಇಷ್ಟು ಹೊತ್ತು ಹೇಳಿದ್ದೇನು ಮತ್ತೆ? ಸ್ಕೂಲ್ ಡೇಗೆ ಬೇಕು ಅಂತೀರಾ, ಸ್ಕೂಲ್ ಡೇ ದಿನ ಆನ್ ಮಾಡ್ಕೊಳ್ಳಿ, ಜನರೇಟರ್ ತರಿಸಿ, ಪಟಾಕಿ ಹೊಡೀರಿ. ಮಿಕ್ಕ ದಿನ ಆಫ್.

ಏನು? "ನಿಮ್ಮ ಪಾಡ್‌ಕ್ಯಾಸ್ಟೂ ಸ್ಪೀಕರಲ್ಲೇ ಕೇಳ್ತಿದ್ದೀವಿ" ಅಂತ ಕಾಮೆಂಟ್ ಹಾಕೋಕೆ ಬೆರಳು ಎತ್ತಿದ್ರಲ್ಲ? ಗೊತ್ತಿತ್ತು. ಹಾಕಿ, ಜೊತೆಗೆ ಲೈಕೂ ಒತ್ತಿ. ಮುಂದಿನ ವಾರ ಸ್ಕೂಲ್ ಡೇ ಕಾಸ್ಟ್ಯೂಮ್ ಬಾಡಿಗೆ ಬಗ್ಗೆ, ಅದಕ್ಕೆ ಈಗಿಂದಲೇ ಸಿಟ್ಟು ಶೇಖರಿಸ್ತಾ ಇದ್ದೀನಿ. ಎಂಟು ಎಣಿಸ್ತೀನಿ. ಒಂದು, ಎರಡು, ಮೂರು, ನಾಲ್ಕು, ಐದು...