ಎಲ್ಲರೂ ಓದಿಬಿಟ್ರೆ ಹಾಸಿಗೆ ಹಾಸೋರು ಯಾರು?

ನಮಸ್ಕಾರ ಮಾರಾಯ್ರೇ, ಚಿಕ್ಕಮಗಳೂರಿಂದ. ಕಳೆದ ವಿಡಿಯೋದಲ್ಲಿ ಹೋಂಸ್ಟೇ ಕೆಲಸದವರ ಕೂಲಿ ಬಗ್ಗೆ ಮಾತಾಡಿದ್ನಲ್ಲ, ಅದಕ್ಕೊಬ್ಬರು ಕಾಮೆಂಟ್ ಹಾಕಿದಾರೆ: "ಅವರೂ ಚೆನ್ನಾಗಿ ಓದಿದ್ರೆ ಈ ಗತಿ ಬರ್ತಿತ್ತಾ?" ಅದಕ್ಕೆ ಮುನ್ನೂರು ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸರಿ ಸ್ವಾಮಿ, ಓದ್ಲಿ. ಊರಿಗೆ ಊರೇ ಇಂಜಿನಿಯರ್ ಆಗ್ಲಿ. ಶನಿವಾರ ಕೈಮರ ಚೆಕ್‌ಪೋಸ್ಟಲ್ಲಿ ಸಾಲುಗಟ್ಟಿ ನಿಂತು, ಮುಳ್ಳಯ್ಯನಗಿರಿ ಹತ್ತಿ, ಕೆಸರು ಕಾಲಲ್ಲೇ ರೂಮಿಗೆ ಬಂದು ಬೀಳ್ತೀರಲ್ಲ, ಆ ಹಾಸಿಗೆ ಹಾಸೋರು ಯಾರು?

ಆಲ್ದೂರು ಕಡೆ ಒಂದು ಹೋಂಸ್ಟೇಲಿ ಕಂಡಿದ್ದು. ಒಬ್ಬರು ಅಕ್ಕ, ಬೆಳಿಗ್ಗೆ ಐದಕ್ಕೇ ಒಲೆ ಮುಂದೆ. ಬಿಸಿ ಅಕ್ಕಿ ಹಿಟ್ಟನ್ನ ಬಾಳೆಎಲೆ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ಬೋರಲು ಹಾಕಿ, ಬಾಡಿದ ಎಲೆನ ಬರಿ ಬೆರಳಲ್ಲೇ ಸುಲಿದು ತೆಗೀತಾರೆ. ಇಪ್ಪತ್ತು ಜನಕ್ಕೆ ಅರವತ್ತು ರೊಟ್ಟಿ. ಆಮೇಲೆ ಹಾಸಿಗೆ, ಬಚ್ಚಲು. ಅಲ್ಲಿ ಒಂದು ರಾತ್ರಿಗೆ ತಲೆಗೆ ಮೂರು ಸಾವಿರ. ಅಷ್ಟು ದುಡಿಯೋಕೆ ಆ ಅಕ್ಕನಿಗೆ ಒಂದು ವಾರ ಬೇಕು.

ವಿಲಿಯಂ ಬೌಮೋಲ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲೇ ಹೇಳಿದ್ರು: ಕಾರ್ಖಾನೇಲಿ ಮಷೀನ್ ಬಂದು ಕೆಲಸ ಚುರುಕಾಗುತ್ತೆ, ಕೂಲಿ ಏರುತ್ತೆ, ಕೈಯಲ್ಲೇ ಆಗ್ಬೇಕಾದ ಕೆಲಸ ಚುರುಕಾಗಲ್ಲ, ಆದ್ರೂ ಅಲ್ಲೂ ಕೂಲಿ ಏರಿಸ್ಲೇಬೇಕು, ಇಲ್ಲಾಂದ್ರೆ ಜನ ಕಾರ್ಖಾನೆಗೇ ಹೋಗ್ಬಿಡ್ತಾರೆ, ಅದಕ್ಕೇ ಸೇವೆ ದುಬಾರಿ ಆಗುತ್ತೆ ಅಂತ. ದುಬಾರಿ ಆಗಿದೆ ಸಾರ್, ರೂಮು! ಅಕ್ಕನ ಕೂಲಿ ಎಲ್ಲೇರ್ತು?

ದೇಶದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸೇವಾ ವಲಯದ್ದೇ ಅಂತೆ. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸೂ ಆ ಲೆಕ್ಕದಲ್ಲೇ, ಈ ಒಲೆಯೂ ಆ ಲೆಕ್ಕದಲ್ಲೇ. ಸರಾಸರಿ ತೆಗೆದ್ರೆ ಅಕ್ಕ ಭಾರೀ ಸಾಹುಕಾರ್ತಿ! 2025ರಲ್ಲಿ ರಾಜ್ಯ ಸರ್ಕಾರ ಡೆಲಿವರಿ ಹುಡುಗರಿಗೊಂದು ಕಾನೂನು ತಂತು. ಪ್ರತಿ ಆರ್ಡರ್‌ಗೆ ಹುಡುಗನಿಗೆ ಕೊಡೋ ದುಡ್ಡಿನ ಶೇ. 1ರಿಂದ 5ರಷ್ಟನ್ನ ಕಂಪನಿ ಕ್ಷೇಮನಿಧಿಗೂ ಕಟ್ಬೇಕು. ಒಳ್ಳೇದೇ. ಆದ್ರೆ ಅಕ್ಕ ಆಪ್‌ನಲ್ಲಿಲ್ವಲ್ಲ, ಅಡುಗೆಮನೇಲಿದಾರೆ.

"ಮಾಲೀಕರಿಗೂ ಖರ್ಚಿರುತ್ತೆ ಬ್ರೋ." ಇರುತ್ತೆ, ಪಾಪ. ಹೊಸ ಜೀಪಿನ ಕಂತೇ ಎಷ್ಟಿದೆಯೋ! "ಕೆಲಸಕ್ಕೆ ಜನಾನೇ ಸಿಗಲ್ಲ." ಹೌದಾ? ಅಸ್ಸಾಂನಿಂದ ದಿನಗಟ್ಟಲೆ ರೈಲಲ್ಲಿ ಕೂತು ಬಂದು ನಮ್ಮ ತೋಟದಲ್ಲಿ ಕಾಫಿ ಹಣ್ಣು ಕುಯ್ತಿರೋರು ಜನ ಅಲ್ವಾ? "ಓದಿದ್ರೆ..." ಮತ್ತೆ ಅದೇ! ಓದಿ ಒಬ್ಬರು ಎದ್ದು ಹೋದ್ರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ಬಗ್ಗಲೇಬೇಕು. ಕೆಲಸ ಎಲ್ಲಿಗೂ ಹೋಗಲ್ಲ ರೀ! ಹಾಸಿಗೆ ತಾನಾಗೇ ಹಾಸ್ಕೊಳ್ಳುತ್ತಾ?

ಅಂದಹಾಗೆ ನಮ್ಮನೆ ಕಾಫಿಪುಡಿ, ಚಿಕೋರಿ ಹಾಕಿಲ್ಲ, ಲಿಂಕ್ ಕೆಳಗಿದೆ. ಹುರಿದು ಪ್ಯಾಕ್ ಮಾಡೋದು ನಮ್ಮಮ್ಮ. ಸಂಬಳ... ಅದು ಮನೆ ವಿಷಯ ಬಿಡಿ.

ಆ ಮುನ್ನೂರು ಜನ, ಇವತ್ತು ನಿಮ್ಮ ಹಾಸಿಗೆ ನೀವೇ ಹಾಸ್ಕೊಳ್ಳಿ ನೋಡೋಣ. ಸಬ್‌ಸ್ಕ್ರೈಬ್ ಆಗಿ. ಹಾಂ ಅಮ್ಮಾ, ಬಂದೆ, ಪ್ಯಾಕೆಟ್ ಅಲ್ಲೇ ಇಟ್ಟಿರು.