ಒಬ್ಬರು ಓದಲಿ, ಉಳಿದವರ ಕೈ ಕೆಲಸದಲ್ಲಿರಲಿ

ಮಾನ್ಯ ಕೇಳುಗರೆ, ನಮಸ್ಕಾರ.

ಕಥೋಲಿಕ ಮನೆಗಳಲ್ಲಿ ಕೈಕೆಲಸ ಮತ್ತು ಭಕ್ತಿಯ ಓದು ಎಂಬ ವಿಷಯವಾಗಿ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಾ, ಭಾನುವಾರಗಳಂದು ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಈ ಎರಡೂ ಬೇರೆ ಬೇರೆ ಕೆಲಸಗಳೆಂದು ಜನ ತಿಳಿದಿದ್ದಾರೆ. ಅವು ಬೇರೆಯಲ್ಲ. ಸಂಜೆ ಮನೆಯಲ್ಲಿ ಒಬ್ಬರು ಶ್ರೀಗ್ರಂಥವನ್ನು, ಅಂದರೆ ಬೈಬಲನ್ನು, ಗಟ್ಟಿಯಾಗಿ ಓದಬೇಕು, ಉಳಿದವರು ಏನಾದರೊಂದು ಕೆಲಸವನ್ನು ಕೈಯಲ್ಲಿ ಹಿಡಿದು ಕೇಳಬೇಕು. ನಾನು ಹೇಳಬೇಕಾಗಿರುವುದು ಇಷ್ಟೇ, ಇದನ್ನೇ ಕೊನೆಯವರೆಗೂ ಹೇಳುತ್ತೇನೆ. ಈ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತಾ ಬಾನುಲಿ ಕೇಳುತ್ತಿರುವ ತಾಯಂದಿರು, ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಅಕ್ಕಂದಿರು ನನ್ನ ಮಾತನ್ನು ಬೇಗ ಒಪ್ಪುತ್ತಾರೆ, ಏಕೆಂದರೆ ಅವರು ಈಗ ಮಾಡುತ್ತಿರುವುದೇ ಅದು.

ಇದು ನಾನು ಹೊಸೆದ ಮಾತಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿ ಕ್ರಿಸ್ತಶಕ 356ರಲ್ಲಿ ತೀರಿಕೊಂಡ ಸಂತ ಅಂತೋಣಿಯವರ ಒಂದು ಕಥೆಯಿದೆ. ಇವರು ನಾವು ಮಂಗಳವಾರ ನೊವೆನಾ ಪ್ರಾರ್ಥನೆ ಮಾಡುವ ಪದುವಾದ ಸಂತ ಅಂತೋಣಿಯವರಲ್ಲ, ಅವರಿಗಿಂತ ಎಂಟುನೂರು ವರ್ಷಕ್ಕೂ ಹಿಂದಿನವರು. ಒಂದು ದಿನ ಅವರಿಗೆ ಮನಸ್ಸು ಎಲ್ಲಿಯೂ ನಿಲ್ಲದಂಥ ಬೇಸರ ಬಂತು. ಆಗ ತಮ್ಮಂತೆಯೇ ಇರುವ ಒಬ್ಬಾತನನ್ನು ಅವರು ಕಂಡರು. ಆತ ಕುಳಿತು ಹಗ್ಗ ಹೆಣೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕುಳಿತು ಹೆಣೆಯುತ್ತಿದ್ದ. ಹೀಗೆ ಮಾಡು, ಉದ್ಧಾರವಾಗುವೆ ಎಂದು ದೂತನ ದನಿ ಹೇಳಿತಂತೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದ 48ನೆಯ ಅಧ್ಯಾಯದಲ್ಲಿ, ಸೋಮಾರಿತನವು ಆತ್ಮದ ವೈರಿಯಾದುದರಿಂದ ಸಹೋದರರು ಗೊತ್ತಾದ ಹೊತ್ತಿನಲ್ಲಿ ಕೈಕೆಲಸವನ್ನೂ ಗೊತ್ತಾದ ಹೊತ್ತಿನಲ್ಲಿ ಪವಿತ್ರ ಓದನ್ನೂ ಮಾಡಬೇಕೆಂದು ಬರೆದರು. ಕೈಕೆಲಸ ಮತ್ತು ಓದು ಒಂದೇ ವಾಕ್ಯದಲ್ಲಿ ಬಂದಿರುವುದನ್ನು ದಯವಿಟ್ಟು ಗಮನಿಸಿ.

ನಮ್ಮ ಕಡೆಗೇ ಬರೋಣ. ಬೆಳಗಾವಿಯ ಕಥೋಲಿಕರಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಮನೆಮಾತಿನವರಿದ್ದಾರೆ. 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಕ್ರಿಸ್ತಪುರಾಣದ ಹೆಸರನ್ನು ಹಿರಿಯರು ಕೇಳಿರುತ್ತಾರೆ. ಇಂಗ್ಲೆಂಡಿನಿಂದ ಬಂದ, ಜೆಸ್ವಿತರೆಂಬ ಕಥೋಲಿಕ ಸಂನ್ಯಾಸಿ ಸಭೆಯ ಗುರು ಥಾಮಸ್ ಸ್ಟೀಫನ್ಸ್ ಅವರು ಅದರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಮರಾಠಿಯಲ್ಲಿ, ಓವಿ ಎಂಬ ಛಂದಸ್ಸಿನಲ್ಲಿ ಬರೆದರು. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವ ಹಾಡಿನ ಹೆಸರೂ ಓವಿ. ಕೈಯಲ್ಲಿ ಗೂಟ ಹಿಡಿದು ಹಾಡುವವರ ಮಟ್ಟಿನಲ್ಲಿಯೇ ಶುಭಸಂದೇಶವನ್ನು ಹೇಳಬೇಕೆಂದು ಆ ಪರದೇಶದ ಗುರುಗಳಿಗೆ ಹೊಳೆದಿತ್ತು. ನಮಗೆ ಅದು ಮರೆತುಹೋಗಿದೆ.

ಈಗ ನನ್ನ ಅಜ್ಜಿಯ ವಿಷಯ ಹೇಳುತ್ತೇನೆ.

ಅಜ್ಜಿಯ ಊರು ಹುನಗುಂದದ ಕಡೆಯ ಒಂದು ಸಣ್ಣ ಹಳ್ಳಿ, ಇಳಕಲ್ಲು ಅಲ್ಲಿಂದ ದೂರವಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಪಕ್ಕದ ಮನೆಯ ಲಿಂಗಾಯತ ಹೆಣ್ಣುಮಗಳಿಂದ ಕಸೂತಿ ಕಲಿತು, ಮದುವೆಯ ಸೀರೆಗಳ ಸೆರಗಿಗೆ ತೇರು, ಗೋಪುರ, ನವಿಲು ಹಾಕಿಕೊಡುತ್ತಿದ್ದಳು. ನಾನು ಹತ್ತು ವರ್ಷದವಳಾಗಿದ್ದಾಗ ಊರಿನ ಚರ್ಚಿನ ಬಲಿಪೀಠದ ಹಾಸುವಸ್ತ್ರ ಹರಿದುಹೋಯಿತು. ಬಲಿಪೀಠದ ಮೇಲೆ ಕಡೆಯಪಕ್ಷ ಒಂದು ಬಿಳಿಯ ವಸ್ತ್ರವಾದರೂ ಇರಬೇಕೆಂಬುದು ಧರ್ಮಸಭೆಯ ನಿಯಮ. ಅಜ್ಜಿ ಪಾಸ್ಖ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಶುರುವಾದ ವಾರವೇ ಬಿಳಿಯ ಹತ್ತಿಬಟ್ಟೆ ತರಿಸಿ, ಯೇಸುಸ್ವಾಮಿಯ ಪುನರುತ್ಥಾನದ ಆ ಹಬ್ಬದ ಹೊತ್ತಿಗೆ ಅಂಚಿಗೆ ಕಸೂತಿ ಹಾಕಿ ಮುಗಿಸುವೆನೆಂದು ಗುರುಗಳಿಗೆ ಮಾತು ಕೊಟ್ಟಳು. ದಿನವೂ ಸಂಜೆ ಕಂದೀಲಿನ ಬೆಳಕಿನಲ್ಲಿ ಆಕೆ ಸೂಜಿ ಹಿಡಿಯಬೇಕು, ನಾನು ಸಂತ ಲೂಕನ ಶುಭಸಂದೇಶವನ್ನು, ಅಂದರೆ ಬೈಬಲಿನಲ್ಲಿ ಆತ ಬರೆದ ಯೇಸುಸ್ವಾಮಿಯ ಚರಿತ್ರೆಯನ್ನು, ಓದಬೇಕು.

ಕಸೂತಿ ಬಲ್ಲವರಿಗೆ ಗೊತ್ತಿದೆ, ಅದರಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು, ದಾರಕ್ಕೆ ಗಂಟು ಹಾಕಬಾರದು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ, ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಮುಂದೆ ಸಾಗುತ್ತದೆ. ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ ಬರುತ್ತದೆ. ಹೀಗೆ ಮಾಡಿದಾಗ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಮೆಂತಿ ಹೊಲಿಗೆ ಕತ್ತರಿಯಾಕಾರದ್ದು, ಅದರ ಹಿಂಬದಿ ಮುಂಬದಿಯಂತೆ ಕಾಣುವುದಿಲ್ಲ. ಅಜ್ಜಿ ಮೆಂತಿ ಬೇಡವೆಂದಳು. ಬಡ ಊರಿನ ಚರ್ಚು, ಒಂದು ಬದಿ ಮಾಸಿದ ಮೇಲೆ ಮಗುಚಿ ಹಾಸಿದರೆ ಬಟ್ಟೆ ಇನ್ನಷ್ಟು ವರ್ಷ ಬಾಳುತ್ತದೆ ಎಂಬುದು ಆಕೆಯ ಲೆಕ್ಕ.

ಒಂದು ಸಂಜೆ ಹದಿನೈದನೆಯ ಅಧ್ಯಾಯ ಬಂತು. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಕಥೆ ಅದರಲ್ಲಿದೆ. ಹೊರಗೆ ಗೆಳತಿಯರು ಕಾಯುತ್ತಿದ್ದರು. ಬೇಗ ಮುಗಿಯಲೆಂದು ನಾನು ನಡುವಿನ ಕೆಲವು ಮಾತುಗಳನ್ನು ನುಂಗಿದೆ. ನಾಣ್ಯ ಕಳೆಯಿತು, ಮನೆ ಗುಡಿಸಿದಳು, ಸಿಕ್ಕಿತು ಎಂದು ಓಡಿಸಿದೆ. ಅಜ್ಜಿಯ ಸೂಜಿ ನಿಂತಿತು.

“ದೀಪಾ ಹಚ್ಚಿದ್ದು ಎಲ್ಲಿ ಹೋತವ್ವಾ?” ಎಂದಳು. ನಾನು ಸುಮ್ಮನಿದ್ದೆ. “ದೀಪಾ ಹಚ್ಚಲಾರದ ಆಕಿ ಕತ್ತಲದಾಗ ಹ್ಯಾಂಗ ಕಸಾ ಹೊಡದ್ಲು? ಮೊದಲಿಂದ ಓದು.”

ಮೊದಲಿನಿಂದ ಓದಿದೆ. ಅಕ್ಷರ ಬಾರದ ಆಕೆ, ಆ ವಚನಗಳಲ್ಲಿ ಯಾವ ಮಾತಿನ ಬಳಿಕ ಯಾವುದು ಬರುತ್ತದೆ ಎಂಬುದನ್ನು ಎಳೆ ಎಣಿಸಿದಂತೆಯೇ ಎಣಿಸಿಟ್ಟುಕೊಂಡಿದ್ದಳು. ಅಂದಿನಿಂದ ಹೊಸದೊಂದು ಕಟ್ಟಳೆ ಬಂತು. ಯಾವ ಭಾಗವನ್ನೇ ಆಗಲಿ ನಾನು ಎರಡು ಸಲ ಓದಬೇಕು. “ಹೋಗೂವಾಗ ಒಮ್ಮೆ, ಬರೂವಾಗ ಒಮ್ಮೆ. ಮೊದಲನೇ ಸಲ ಸಂದು ಉಳೀತಾವ, ಎರಡನೇ ಸಲಕ್ಕ ತುಂಬತಾವ” ಎಂದಳು. ಶ್ರೀಗ್ರಂಥವನ್ನು ಓದುವ ವಿಧಾನದ ಬಗ್ಗೆ ಮುಂದೆ ನಾನು ಹಲವು ಶಿಬಿರಗಳಲ್ಲಿ ಕುಳಿತಿದ್ದೇನೆ, ಗವಂತಿ ಹೊಲಿಗೆಯಷ್ಟು ಸ್ಪಷ್ಟವಾಗಿ ಅದನ್ನು ಯಾರೂ ನನಗೆ ವಿವರಿಸಿಲ್ಲ.

ಮರುದಿನ ಆಕೆ ಅಂಚಿನ ಚಿತ್ರವನ್ನೇ ಬದಲಿಸಿದಳು. ಹಾಕಬೇಕೆಂದಿದ್ದ ಗೋಪುರಗಳನ್ನು ಕೈಬಿಟ್ಟು, ಕೆಂಪು ಮತ್ತು ಹಸಿರು ದಾರದಲ್ಲಿ ಸಾಲಾಗಿ ದೀಪದ ಕಂಬಗಳನ್ನು ತೆಗೆದಳು. ಮೂಲೆಯಲ್ಲಿ ಒಂದು ದೀಪವನ್ನು ನನ್ನ ಕೈಯಲ್ಲಿ ಹಾಕಿಸಿದಳು. ದಾರ ಜಾರದಿರಲೆಂದು ನಾನು ಹಿಂದೆ ಒಂದು ಸಣ್ಣ ಗಂಟು ಹಾಕಿದ್ದೆ. ಅದನ್ನು ಬೆರಳಿನಲ್ಲಿಯೇ ಗುರುತಿಸಿ, ಇಡೀ ದೀಪವನ್ನು ಬಿಚ್ಚಿ, ಬೈಯದೆ ಮತ್ತೆ ಸೂಜಿ ಕೊಟ್ಟಳು. ಆ ದೀಪವನ್ನು ನಾನು ಮೂರು ಸಲ ಹಾಕಿದೆ, ಹಾಕುವಾಗೆಲ್ಲ ಅಮ್ಮ ಓದಿದಳು. ಬಟ್ಟೆ ಪಾಸ್ಖ ಹಬ್ಬದ ಹಿಂದಿನ ದಿನ ಮುಗಿಯಿತು. ಹಲವು ವರ್ಷ ಅದನ್ನು ಎರಡೂ ಬದಿಯಲ್ಲಿ ಹಾಸಿದರು. ಆ ಅಂಚಿನ ಒಂದು ಗೇಣು ತುಂಡು ಇಂದಿಗೂ ನನ್ನ ಬಳಿಯಿದೆ. ಹೊಸದಾಗಿ ಕಲಿಯಲು ಬಂದ ಹುಡುಗಿಯರ ಕೈಗೆ ಅದನ್ನು ಕೊಟ್ಟು, ಮೇಲಿನ ಬದಿ ಯಾವುದು ಎಂದು ಕೇಳುತ್ತೇನೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಬೇಕು.

ಅಕ್ಟೋಬರ್ ಜಪಸರದ, ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನವರನ್ನು ಪ್ರಾರ್ಥಿಸುವ ಸರದ, ತಿಂಗಳು. ಜಪಸರ ಹುಟ್ಟಿದ್ದೇ ಓದಿನಿಂದ. ಮಠಗಳಲ್ಲಿ ಓದು ಬಲ್ಲವರು ಬೈಬಲಿನ 150 ಕೀರ್ತನೆಗಳನ್ನು ಹಾಡುತ್ತಿದ್ದರು, ಓದು ಬಾರದವರು ಅವುಗಳ ಬದಲಿಗೆ 150 ಪ್ರಾರ್ಥನೆಗಳನ್ನು ಮಣಿಯಲ್ಲಿ ಎಣಿಸುತ್ತಿದ್ದರು. ಮಣಿಸರವು ಅಕ್ಷರ ಬಾರದವರ ಕೈಯಲ್ಲಿದ್ದ ಪುಸ್ತಕ. ಅದನ್ನು ಅಂಗಡಿಯಿಂದ ತಂದು ಮೊಳೆಗೆ ನೇತುಹಾಕುವ ಬದಲು ಮನೆಯಲ್ಲಿಯೇ ಮಾಡಿ. ಮಣಿಯೂ ಬೇಕಿಲ್ಲ, ಸುಮಾರು ಆರು ಮೀಟರ್ ಗಟ್ಟಿಯಾದ ಹುರಿ ಸಾಕು. ‘ನಮೋ ಮರಿಯಾ’ ಪ್ರಾರ್ಥನೆಗೆ 53 ಗಂಟು, ಪ್ರಭು ಕಲಿಸಿದ ಪ್ರಾರ್ಥನೆಗೆ 6 ಗಂಟು, ಒಟ್ಟು 59, ತುದಿಗೆ ಒಂದು ಶಿಲುಬೆ. ಬಟ್ಟೆಗೆ ಗಂಟು ಬೇಡ, ಹುರಿಗೆ ಗಂಟೇ ಬೇಕು. ಹತ್ತು ಗಂಟು ಹಾಕುವಷ್ಟು ಹೊತ್ತಿನಲ್ಲಿ ಒಂದು ರಹಸ್ಯಕ್ಕೆ, ಅಂದರೆ ಜಪಸರದಲ್ಲಿ ಧ್ಯಾನಿಸುವ ಯೇಸು-ಮರಿಯರ ಬದುಕಿನ ಒಂದು ಘಟನೆಗೆ, ಸಂಬಂಧಿಸಿದ ಶುಭಸಂದೇಶದ ಭಾಗವನ್ನು ಒಬ್ಬರು ಓದಿ ಮುಗಿಸಬಹುದು. ಐದು ಸಂಜೆಗೆ ಒಂದು ಸರ ಸಿದ್ಧವಾಗುತ್ತದೆ, ಐದು ರಹಸ್ಯಗಳ ಓದೂ ಆಗುತ್ತದೆ.

ಪಾಸ್ಖಕ್ಕೆ ಮುಂಚಿನ ಗರಿಗಳ ಭಾನುವಾರ ಮನೆಗೆ ತಂದ ಗರಿಯನ್ನು ಮಡಿಚಿ ಶಿಲುಬೆ ಮಾಡುವುದನ್ನು ಮಕ್ಕಳಿಗೆ ಕಲಿಸಿ, ಅದು ಒಣಗಿದ ಮೇಲೆ ಚರ್ಚಿಗೆ ಒಪ್ಪಿಸಿದರೆ ಮುಂದಿನ ವರ್ಷ ಹಣೆಗೆ ಬೂದಿ ಹಚ್ಚುವ ವಿಭೂತಿ ಬುಧವಾರಕ್ಕೆ ಅದೇ ಬೂದಿಯಾಗುತ್ತದೆ. ಕ್ರಿಸ್‌ಮಸ್ಸಿನ ಗೋದಲಿಯನ್ನು ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಮಾಡಿದರು. ನಮ್ಮ ಹೊಲಗಳಲ್ಲಿ ಜೋಳದ ಕಣಕಿ ಇರುವಾಗ, ಖಾನಾಪುರದಲ್ಲಿ ಕುಂಬಾರರ ಜೇಡಿಮಣ್ಣು ಇರುವಾಗ, ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ಕಿನ ಗೋದಲಿಯನ್ನು ಏಕೆ ಕೊಳ್ಳುತ್ತೀರೋ ನನಗೆ ಅರ್ಥವಾಗುವುದಿಲ್ಲ. ಒಬ್ಬರು ಲೂಕನ ಎರಡನೆಯ ಅಧ್ಯಾಯ ಓದುತ್ತಿರಲಿ, ಮಕ್ಕಳು ಮಣ್ಣಿನಲ್ಲಿ ಕುರಿ ಮಾಡುತ್ತಿರಲಿ.

ಸಮಯವಿಲ್ಲ ಎಂಬ ಮಾತನ್ನು ಪ್ರತಿ ಭಾನುವಾರ ಕೇಳುತ್ತೇನೆ. ಕೈಗೆ ಬಿಡುವಿಲ್ಲ ಎನ್ನುವವರಿಗಾಗಿಯೇ ನಾನು ಇದನ್ನು ಹೇಳುತ್ತಿರುವುದು, ಕೇಳುವುದಕ್ಕೆ ಕೈಗೆ ಬಿಡುವು ಬೇಕಾಗಿಲ್ಲ. ಮೊಬೈಲಿನಲ್ಲಿ ಶ್ರೀಗ್ರಂಥದ ಧ್ವನಿಮುದ್ರಣ ಹಚ್ಚಿಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಬೇಡ. ನಿಮ್ಮ ಮನೆಯ ಮಗು ಓದಲಿ, ತಡವರಿಸಲಿ, ಒಂದು ಮಾತು ಬಿಟ್ಟರೆ ನೀವು ತಡೆದು ಕೇಳಿ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ ತೀರಿಕೊಂಡಾಗ, ವಿಧವೆಯರು ಅಳುತ್ತಾ ಸಂತ ಪೇತ್ರರಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನು. ಆ ಭಾಗವನ್ನು ಹೊಲಿಗೆ ಹಿಡಿದು ಕೇಳಿದವರಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ.

ಇಂದು ರಾತ್ರಿ ಊಟಕ್ಕೆ ಮೊದಲು ಲೂಕನ ಹದಿನೈದನೆಯ ಅಧ್ಯಾಯದ 8ರಿಂದ 10ರವರೆಗಿನ ವಚನಗಳನ್ನು ತೆಗೆಯಿರಿ. ಮೂರೇ ವಚನ. ಮನೆಯಲ್ಲಿ ಚಿಕ್ಕವರು ಯಾರೋ ಅವರು ಓದಲಿ, ಎರಡು ಸಲ ಓದಲಿ. ಸೂಜಿ ಹಿಡಿಯಲು ಬಾರದವರು ಹರಿದ ಬಟ್ಟೆಯನ್ನು ಕೌದಿಗೆ ಕತ್ತರಿಸುತ್ತಾ ಕೇಳಲಿ, ಅದೂ ಆಗದವರು ಅವರೆಕಾಯಿ ಬಿಡಿಸುತ್ತಾ ಕೇಳಲಿ. ದೀಪ ಹಚ್ಚುವ ಮಾತು ಎಂಟನೆಯ ವಚನದಲ್ಲಿದೆ, ಅದನ್ನು ಬಿಡದಂತೆ ನೋಡಿಕೊಳ್ಳಿ.

ನಮಸ್ಕಾರ.