ಕೋರ್ಟಿನ ಆರ್ಡರ್ ಇತ್ತು, ಪೊಲೀಸ್ ಬರ್ಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. 1834ರ ಡಿಸೆಂಬರ್ 18, ಐರ್ಲೆಂಡಿನ ಕಾರ್ಕ್ ಜಿಲ್ಲೆ, ರಾತ್‌ಕಾರ್ಮಕ್ ಹತ್ರ ಗಾರ್ಟ್ರೋ ಅನ್ನೋ ಹಳ್ಳಿ. ರಯಾನ್ ಅನ್ನೋ ವಿಧವೆಯ ಮನೆ ಕಣಕ್ಕೆ ಸೈನಿಕರು ಬಂದು ನಿಂತಿದಾರೆ. ಆಯಮ್ಮ ಚರ್ಚಿಗೆ ಕೊಡಬೇಕಾಗಿದ್ದ ಬಾಕಿ ಕೆಲವೇ ಪೌಂಡು. ವಸೂಲಿಗೆ ಬಂದೋರು ಆರ್ಚ್‌ಡೀಕನ್ ರೈಡರ್, ಅವರೇ ಪಾದ್ರಿ, ಬಾಕಿ ಬರಬೇಕಾದೋರೂ ಅವರೇ, ಸಾಲದ್ದಕ್ಕೆ ಮ್ಯಾಜಿಸ್ಟ್ರೇಟೂ ಅವರೇ. ಊರಿನ ಜನ ಕಣದ ಬಾಗಿಲಿಗೆ ಅಡ್ಡ ಕಟ್ಟಿ ದೊಣ್ಣೆ ಹಿಡ್ಕೊಂಡು ನಿಂತ್ರು, ಗುಂಡು ಹಾರಿತು, ಕಡಿಮೆ ಅಂದ್ರೂ 12 ಜನ ಸತ್ತರು.

ಈ ಬಾಕಿ ಏನಪ್ಪಾ ಅಂದ್ರೆ ಟೈತ್, ಬೆಳೆಯಲ್ಲಿ ಹತ್ತನೇ ಒಂದು ಪಾಲು ಅಂತ ಶುರುವಾದ ಚರ್ಚ್ ತೆರಿಗೆ. ಅದು ಹೋಗ್ತಿದ್ದದ್ದು ಸರ್ಕಾರದ ಪ್ರಾಟೆಸ್ಟೆಂಟ್ ಚರ್ಚಿಗೆ. 1834ರ ಗಣತಿ ಲೆಕ್ಕ ನೋಡಿ, ದೇಶದಲ್ಲಿ ಕ್ಯಾಥೊಲಿಕರು ಸುಮಾರು 64 ಲಕ್ಷ, ಆ ಚರ್ಚಿನೋರು ಸುಮಾರು ಎಂಟೂವರೆ ಲಕ್ಷ. ಅಂದ್ರೆ ತಾನು ಕಾಲಿಡದ ಚರ್ಚಿಗೆ, ತನ್ನ ಮದುವೆ ಮಾಡಿಸದ ತನ್ನ ಹೆಣ ಹೂಳದ ಪಾದ್ರಿಗೆ ಬಡ ರೈತ ತನ್ನ ಆಲೂಗಡ್ಡೆ ಹೊಲದಿಂದ ಪಾಲು ಕೊಡಬೇಕು, ಕೊಡದಿದ್ರೆ ಹಸು ಜಪ್ತಿ.

ಜನ ಅದಕ್ಕೂ ದಾರಿ ಹುಡುಕಿದ್ರು. ಬೀಗ ಹಾಕಿದ ಬಾಗಿಲು ಒಡೆಯೋ ಹಾಗಿಲ್ಲ, ಸೂರ್ಯ ಮುಳುಗಿದ ಮೇಲೆ ಜಪ್ತಿ ಮಾಡೋ ಹಾಗಿಲ್ಲ ಅಂತ ಕಾನೂನೇ ಹೇಳ್ತಿತ್ತು, ಸರಿ, ಹಗಲೆಲ್ಲ ದನ ಕೊಟ್ಟಿಗೆಯಲ್ಲಿ ಬೀಗದೊಳಗೆ, ಕತ್ತಲಾದ ಮೇಲೆ ಮೇಯೋಕೆ. ಗುಡ್ಡದ ಮೇಲೆ ಹುಡುಗರು ಕಾವಲು, ಜಪ್ತಿಯೋರು ಕಂಡ್ರೆ ಕೊಂಬು ಊದೋದು. ದನ ಹೇಗೋ ಹರಾಜಿಗೆ ಹೋದ್ರೂ ಕೂಗೋರೇ ಇಲ್ಲ. ಕೆಲವು ಕಡೆ ಇದು ಬೇರೆಯೇ ಆಯ್ತು, 1831ರ ಡಿಸೆಂಬರಲ್ಲಿ ಕಿಲ್ಕೆನಿ ಜಿಲ್ಲೆಯ ಕ್ಯಾರಿಕ್‌ಶಾಕಿನಲ್ಲಿ ನೋಟಿಸ್ ಜಾರಿ ಮಾಡೋಕೆ ಹೋದೋನನ್ನೂ ಅವನ ಜೊತೆಗಿದ್ದ ಹತ್ತಕ್ಕೂ ಹೆಚ್ಚು ಪೊಲೀಸರನ್ನೂ ಜನ ಹೊಡೆದು ಕೊಂದರು. ಆ ಪೊಲೀಸರೂ ಬಡವರ ಮಕ್ಕಳೇ, ಅದನ್ನ ನಾನು ಮರೆಯೋಕೆ ಆಗಲ್ಲ.

1835ರಲ್ಲಿ ಡಬ್ಲಿನ್ ಕ್ಯಾಸಲ್‌ಗೆ ಅಂದ್ರೆ ಐರ್ಲೆಂಡ್ ಆಳ್ತಿದ್ದ ಬ್ರಿಟಿಷ್ ಸರ್ಕಾರದ ಕಚೇರಿಗೆ, ಅಂಡರ್ ಸೆಕ್ರೆಟರಿ ಅನ್ನೋ ಹಿರಿಯ ಅಧಿಕಾರಿಯಾಗಿ ಥಾಮಸ್ ಡ್ರಮಂಡ್ ಬಂದ್ರು. ಎಡಿನ್‌ಬರೋದೋರು, ಸೈನ್ಯದ ಇಂಜಿನಿಯರ್, ಐರ್ಲೆಂಡಿನ ಸರ್ವೆ ಮಾಡೋವಾಗ ಸುಣ್ಣ ಕಾಯಿಸಿ ಹುಟ್ಟಿಸೋ ಬೆಳಕನ್ನ ಬೆಟ್ಟದಿಂದ ಬೆಟ್ಟಕ್ಕೆ ಕಾಣಿಸಿದೋರು. ಆ ಸರ್ವೆಗೆ ಅಂತ ಸುತ್ತಾಡಿ ಜನರ ಗುಡಿಸಲು ಕಣ್ಣಾರೆ ಕಂಡಿದ್ರು. ಅವರು ತಂದ ಪದ್ಧತಿ ಏನು ಅಂದ್ರೆ, ಟೈತ್ ವಸೂಲಿಗೆ ಪೊಲೀಸರೂ ಸೈನ್ಯವೂ ಸುಮ್ನೆ ಕರೆದ ಕೂಡ್ಲೆ ಹೋಗಲ್ಲ, ಗಲಾಟೆ ಆಗುತ್ತೆ ಅಂತ ಪ್ರಮಾಣ ಮಾಡಿ ಹೇಳಿದ್ರೆ ಶಾಂತಿ ಕಾಯೋಕೆ ಹೋಗ್ತಾರೆ ಅಷ್ಟೇ, ಹಸು ಹಿಡಿಯೋದು ಅವರ ಕೆಲಸ ಅಲ್ಲ.

ಪಾದ್ರಿಗಳ ಕಡೆಯೋರು ಸುಮ್ನಿರ್ತಾರಾ, ಡಬ್ಲಿನ್ನಿನ ಎಕ್ಸ್‌ಚೆಕರ್ ಕೋರ್ಟಿಗೆ ಹೋದ್ರು. ಆ ಕೋರ್ಟಿನ ಹಳೇ ಅಸ್ತ್ರ ಒಂದಿತ್ತು, ರಿಟ್ ಆಫ್ ರೆಬೆಲಿಯನ್. ಹೆಸರು ನೋಡಿ, ಕೆಲವು ಶಿಲ್ಲಿಂಗ್ ಬಾಕಿ ಇರೋ ರೈತನನ್ನ ರಾಜದ್ರೋಹಿ ಅಂತ ಕರೆದು ಹಿಡಿದು ತರೋ ಆಜ್ಞೆ. ಅದನ್ನ ಜಾರಿ ಮಾಡೋರು ಪೊಲೀಸ್ ಬಂದೋಬಸ್ತ್ ಕೇಳಿದ್ರು, ಸರ್ಕಾರ ಕೊಡಲ್ಲ ಅಂತು, ಕೋರ್ಟು ಪೊಲೀಸರು ಸಹಾಯ ಮಾಡಲೇಬೇಕು ಅಂತು. ನಮ್ಮಲ್ಲೊಂದು ಗಾದೆ ಇದೆಯಲ್ಲ, ಕೋರ್ಟಲ್ಲಿ ಗೆದ್ದೋನು ಸೋತ ಸೋತೋನು ಸತ್ತ ಅಂತ, ಇಲ್ಲಿ ಗೆದ್ದೋನ ಕೈಯಲ್ಲಿ ಡಿಕ್ರಿ ಇದೆ ಆದ್ರೆ ಅಮೀನನ ಹಿಂದೆ ಬರೋಕೆ ಯಾರೂ ಇಲ್ಲ.

ನ್ಯಾಯಾಧೀಶರ ಮಾತು ತೆಗೆದುಹಾಕೋ ಅಂಥದ್ದಲ್ಲ. ಪಾರ್ಲಿಮೆಂಟ್ ಒಪ್ಪದೆ ರಾಜ ಕಾನೂನನ್ನ ಅಮಾನತಿಡೋ ಹಾಗಿಲ್ಲ ಅಂತ 1689ರ ಇಂಗ್ಲೆಂಡಿನ ಹಕ್ಕುಗಳ ಕಾನೂನು, ಬಿಲ್ ಆಫ್ ರೈಟ್ಸ್, ಹೇಳಿತ್ತು. ಯಾವ ತೀರ್ಪು ಜಾರಿ ಆಗಬೇಕು ಯಾವುದು ಬೇಡ ಅಂತ ಒಬ್ಬ ಅಧಿಕಾರಿ ಆರಿಸೋಕೆ ಶುರು ಮಾಡಿದ್ರೆ, ನಾಳೆ ಅದೇ ಕುರ್ಚಿಯಲ್ಲಿ ಬಡವರನ್ನ ಕಂಡ್ರಾಗದೋನು ಕೂತ್ರೆ? ಈ ಭಯ ನನಗೂ ಇದೆ. ಆದ್ರೂ ಗಾರ್ಟ್ರೋ ಕಣದಲ್ಲಿ ಬಿದ್ದ ಹೆಣಗಳನ್ನ ನೆನೆಸಿಕೊಂಡ್ರೆ ಡ್ರಮಂಡ್ ತಪ್ಪು ಮಾಡಿದ್ರು ಅಂತ ನನ್ನ ಬಾಯಲ್ಲಿ ಬರಲ್ಲ. ತಪ್ಪು ಪಾರ್ಲಿಮೆಂಟಿಂದು, ಇಡೀ ದೇಶ ಬೇಡ ಅಂದ ಕಾನೂನನ್ನ ವರ್ಷಗಟ್ಟಲೆ ಹಾಗೇ ಇಟ್ಕೊಂಡು ಅದರ ಭಾರವನ್ನ ಕೋರ್ಟು, ಪೊಲೀಸು, ರೈತ ಮೂವರ ತಲೆ ಮೇಲೂ ಹಾಕ್ತು. 1838ರಲ್ಲಿ ಕಾನೂನು ಬದಲಾಯ್ತು, ಟೈತ್ ಕಾಲು ಭಾಗ ಕಡಿಮೆ, ಉಳಿದದ್ದು ಜಮೀನ್ದಾರ ಕಟ್ಟಬೇಕು. ಜಮೀನ್ದಾರ ಅದನ್ನ ಗೇಣಿಯಲ್ಲಿ ಸೇರಿಸ್ಕೊಳ್ಳಬಹುದಿತ್ತು, ಅದೂ ನಿಜ, ಆದ್ರೆ ಪಾದ್ರಿ ಸೈನ್ಯ ಕರ್ಕೊಂಡು ಕಣಕ್ಕೆ ಬರೋದು ನಿಂತ್ಹೋಯ್ತು. ಅದೇ ವರ್ಷ ಟಿಪ್ಪರರಿಯ ಮ್ಯಾಜಿಸ್ಟ್ರೇಟರು ಇನ್ನೂ ಬಿಗಿ ಕಾನೂನು ಬೇಕು ಅಂದಾಗ ಡ್ರಮಂಡ್ ಉತ್ತರ ಬರೆದ್ರು, ಆಸ್ತಿಗೆ ಹಕ್ಕುಗಳಿರೋ ಹಾಗೆ ಕರ್ತವ್ಯಗಳೂ ಇವೆ ಅಂತ. 1840ರಲ್ಲಿ, ಇನ್ನೂ 42 ವರ್ಷಕ್ಕೇ ತೀರ್ಕೊಂಡ್ರು, ಡಬ್ಲಿನ್ನಿನ ಮೌಂಟ್ ಜೆರೋಮ್ ಸ್ಮಶಾನದಲ್ಲೇ ಮಣ್ಣಾದ್ರು.

ಸುಮಾರು 50 ವರ್ಷ ಆದ ಮೇಲೆ ಅದೇ ಕಥೆ, ಈ ಸಲ ಗೇಣಿ ಬಾಕಿ. 1886ರಲ್ಲಿ ಕೆರ್ರಿ ಜಿಲ್ಲೆಯ ಗಲಭೆ ಅಡಗಿಸೋಕೆ ಜನರಲ್ ಬುಲ್ಲರ್ ಅವರನ್ನ ಕಳಿಸಿದ್ರು. ಐರ್ಲೆಂಡಿನ ಆಡಳಿತ ನೋಡ್ಕೊಳ್ತಿದ್ದ ಮಂತ್ರಿ, ಚೀಫ್ ಸೆಕ್ರೆಟರಿ ಹಿಕ್ಸ್ ಬೀಚ್, ಜಮೀನ್ದಾರರ ಮೇಲೆ ಕಾನೂನಿನೊಳಗಿನ ಒತ್ತಡ ಹಾಕ್ತೀವಿ ಅಂದ್ರು, ಒಕ್ಕಲೆಬ್ಬಿಸೋ ಮುಂಚೆ ಸ್ವಲ್ಪ ಬಿಡಿ ಅಂತ ಅವರ ಮನ ಒಲಿಸೋದು. ನ್ಯಾಯಪೀಠದಿಂದ ಹಿರಿಯ ನ್ಯಾಯಾಧೀಶ ಚೀಫ್ ಬ್ಯಾರನ್ ಪ್ಯಾಲಸ್ ಇದನ್ನ ಒಪ್ಪಲಿಲ್ಲ. ಬುಲ್ಲರ್ ಮಾತ್ರ ಜಮೀನಿನ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಕೌಪರ್ ಕಮಿಷನ್ ಮುಂದೆ ಕೂತು, ಈ ದೇಶದಲ್ಲಿ ಕಾನೂನು ಇರೋದು ಶ್ರೀಮಂತರ ಕಡೆಗೇ ಅಂತ ಸಾಕ್ಷಿ ಹೇಳಿದ್ರು, ಜನರನ್ನ ಅಡಗಿಸೋಕೆ ಅಂತ ಬಂದ ಸೈನ್ಯದ ಜನರಲ್ ಹೇಳಿದ ಮಾತದು, 1887ರಲ್ಲಿ ಗೇಣಿ ಪರಿಷ್ಕರಣೆ ಮಾಡೋ ಹೊಸ ಲ್ಯಾಂಡ್ ಆಕ್ಟ್ ಬಂತು. ನಮಸ್ಕಾರ.